ನಾಲ್ಕನೇ ಹಾಡಿನ ಕೆಮ್ಮು

ಬೆಳಗಿನ ಚಹಾದ ಹೊತ್ತಿಗೆ ಸ್ಟೋರ್‌ಕೀಪರ್ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. "ಆ ಹಳೇ ರಾಕ್ ಆಲ್ಬಮ್ ಹೊಸದಾಗಿ ಬಂದಿದೆಯಂತೆ. ಮ್ಯಾನೇಜರ್ ಸಾಹೇಬ್ರು ನಿನ್ನೆಯೇ ತಂದ್ರು" ಎಂದುಬಿಟ್ಟ.

ಆಫೀಸಿನ ಎಲೆಕ್ಟ್ರಿಷಿಯನ್ ಫ್ಯೂಸಣ್ಣ ಲೋಟ ಕೆಳಗಿಟ್ಟು ಎದೆ ಸೆಟೆಸಿದ. "ಅದರಲ್ಲಿ ನಾನೂ ಇದ್ದೀನಿ."

"ಗಿಟಾರ್ ಬಾರಿಸಿದ್ಯಾ?"

"ಕೆಮ್ಮಿದ್ದೀನಿ."

ಕ್ಯಾಷಿಯರ್ ಅಕ್ಕನಿಗೆ ಚಹಾ ನೆತ್ತಿಗೇರಿತು.

ಸಂಗತಿ ಸುಳ್ಳಲ್ಲ. ಪ್ರಾಯದಲ್ಲಿ ಫ್ಯೂಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವೈರು ಎಳೆಯುತ್ತಿದ್ದ. ಆ ಆಲ್ಬಮ್ಮಿನ ನಾಲ್ಕನೇ ಹಾಡಿನಲ್ಲಿ, ಒಂದು ಕಾಲಕ್ಕೆ ಮೆರೆದು ಮೂಲೆಗುಂಪಾದ ಗಾಯಕ ತನ್ನದೇ ಹಳೆಯ ಪೋಸ್ಟರಿನ ಮುಂದೆ ಕೂತು, 'ಯಾರಿಗಾದರೂ ನನ್ನ ನೆನಪಿದೆಯೇ?' ಎಂದು ಕೇಳುತ್ತಾನೆ. ವಾದ್ಯಗಳೆಲ್ಲ ನಿಲ್ಲುತ್ತವೆ. ಆ ಮೌನದಲ್ಲಿ ಒಂದು ಕೆಮ್ಮು! ಮರೆತ ಜಗತ್ತು ಕೊಟ್ಟ ಉತ್ತರವೇ ಅದು ಎಂದು ಅಭಿಮಾನಿಗಳು ತಲೆದೂಗಿದ್ದರು. "ಗಂಟಲಿಗೆ ಧೂಳು ಹೋಗಿತ್ತು, ಅಷ್ಟೇ ತಾನೆ?" ಎಂದವಳು ಫ್ಯೂಸಣ್ಣನ ಹೆಂಡತಿಯೊಬ್ಬಳೇ.

ಮುಂದಿನ ವಾರ ಅವನಿಗೆ ನಿವೃತ್ತಿ. ಫ್ಯೂಸ್ ಹಾಕಿದವನೆಂದಲ್ಲ, ಆ ಕೆಮ್ಮು ಕೆಮ್ಮಿದವನೆಂದು ಎಲ್ಲರೂ ಬೀಳ್ಕೊಡಬೇಕು ಎಂಬುದೊಂದೇ ಅವನ ಆಸೆ.

"ಎಲ್ಲಿ, ಒಂದ್ಸಲ ಕೆಮ್ಮು ನೋಡೋಣ" ಎಂದಳು ಅಕ್ಕ.

ಕೆಮ್ಮಿದ. "ಇದು ನಮ್ಮ ಮಾವನ ಕೆಮ್ಮಿನ ಥರಾನೇ ಇದೆ" ಎಂದು ಅವಳು ತಳ್ಳಿಹಾಕಿದಳು. ಮ್ಯಾನೇಜರ್ ಕೋಣೆಯೊಂದನ್ನು ಬಿಟ್ಟು ಸುದ್ದಿ ಮಹಡಿ ಮಹಡಿಗೂ ಹಬ್ಬಿತು. ಫ್ಯೂಸಣ್ಣ ಬಲ್ಬ್ ಬದಲಿಸಲು ಏಣಿ ಹತ್ತಿದರೆ ಕೆಳಗಿನಿಂದ "ಕೆಮ್ಮಣ್ಣಾ, ಒಂದ್ಸಲ!" ಎಂಬ ಕೂಗು. ಕಲಾವಿದನೆಂದ ಮೇಲೆ ಜನರನ್ನು ನಿರಾಸೆಪಡಿಸಲಾದೀತೇ? ಸಂಜೆಯ ಹೊತ್ತಿಗೆ ಗಂಟಲು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತ್ತು.

ಕೊನೆಗೆ ಅಕ್ಕನೇ ಮ್ಯಾನೇಜರ್ ಕೋಣೆಗೆ ಹೋಗಿ, "ಸಾರ್, ಆ ನಾಲ್ಕನೇ ಹಾಡು ನಮಗೂ ಕೇಳಿಸಿ" ಎಂದಳು. ಮ್ಯಾನೇಜರ್ ಹಿಗ್ಗಿಹೋದರು. ಎಲ್ಲರೂ ಗೋಡೆಗೊರಗಿ ನಿಂತರು. ಫ್ಯೂಸಣ್ಣ ಅಂಗಿಯ ಗುಂಡಿ ಸರಿಮಾಡಿಕೊಂಡು ಮುಂದೆ ನಿಂತ.

ಹಾಡು ಶುರುವಾಯಿತು. ಗಾಯಕ ತನ್ನ ಪ್ರಶ್ನೆ ಕೇಳಿದ. ವಾದ್ಯಗಳು ನಿಂತವು. ಫ್ಯೂಸಣ್ಣ ಬೆರಳೆತ್ತಿದ.

ಮೌನ. ಬರೀ ಮೌನ. ಹಾಡು ಮುಂದಕ್ಕೆ ಹೋಯಿತು. ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತೋಚದೆ ಅವನು ಕಿವಿ ತುರಿಸಿಕೊಂಡ.

"ಕೇಳಿದ್ರಾ, ಎಷ್ಟು ಶುದ್ಧವಾಗಿದೆ!" ಮ್ಯಾನೇಜರ್ ಹೆಮ್ಮೆಯಿಂದ ಎದೆ ತಟ್ಟಿಕೊಂಡರು. "ಮೊದಲು ಅಲ್ಲೊಂದು ದರಿದ್ರ ಕೆಮ್ಮಿತ್ತು. ವರ್ಷಗಟ್ಟಲೆ ಕಂಪನಿಯವರ ಬೆನ್ನು ಬಿದ್ದು ತೆಗೆಸಿದವನು ನಾನು! ಕವರ್ ಮೇಲೆ ನನ್ನ ಹೆಸರು ಹಾಕಿ ವಂದನೆ ಹೇಳಿದ್ದಾರೆ, ನೋಡಿ. ಆ ಕೆಮ್ಮಿದವನೇನಾದ್ರೂ ನನ್ನ ಕೈಗೆ ಸಿಕ್ಕಿದ್ರೆ..."

ಎಲ್ಲರ ಕಣ್ಣೂ ಫ್ಯೂಸಣ್ಣನ ಕಡೆ ಹೊರಳಿದವು. ಅವನಿಗೋ, ದಿನವಿಡೀ ಕರೆದು ಕರೆದು ಬರಿಸಿಕೊಂಡಿದ್ದ ಕೆಮ್ಮು ಈಗ ತಾನಾಗಿಯೇ ಒತ್ತರಿಸಿಕೊಂಡು ಬಂತು. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ಮುಖ ಕೆಂಪೇರಿ, ಕಣ್ಣಲ್ಲಿ ದಳದಳ ನೀರು ಇಳಿಯಿತು.

ಮ್ಯಾನೇಜರ್ ಕರಗಿಹೋದರು. "ನೋಡಿ, ರಸಿಕ ಅಂದ್ರೆ ನಮ್ಮ ಫ್ಯೂಸಣ್ಣ! ಬಾಪ್ಪಾ, ಹತ್ತಿರ ಕೂತ್ಕೋ. ನಿನಗೋಸ್ಕರ ಮೊದಲಿಂದ ಇನ್ನೊಂದ್ಸಲ ಹಾಕ್ತೀನಿ."