ಹಿಮದ ಲಾರಿಗೆ ನನ್ನ ರಾಹುಕಾಲ

ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ರಾಹುಕಾಲ ಒಂದನ್ನು ಬಿಟ್ಟು ಬೇರೆ ಯಾವ ಹೊತ್ತಿನಲ್ಲಾದರೂ. ನಂಬುವವರು ನೆಮ್ಮದಿಯಾಗಿ ಕಾಯುತ್ತಾರೆ, ನಂಬದವರು ನೆಮ್ಮದಿಯಾಗಿ ಹೊರಟುಬಿಡುತ್ತಾರೆ. ನಂಬದೆಯೂ ಪಾಲಿಸುವ ನನ್ನಂಥವರದು ಮಾತ್ರ ಹೊಸ್ತಿಲ ಮೇಲಿನ ಬದುಕು. ಸಿಂಗಾಪುರದ ಬೆಡೋಕಿನಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ ಮೈಸೂರಿನಿಂದ ತಂದ ಕ್ಯಾಲೆಂಡರ್ ತೂಗುತ್ತಿರುತ್ತದೆ. ನಾನು ಅದನ್ನು ಹಬ್ಬ ಹರಿದಿನ ತಿಳಿಯಲು ಇಟ್ಟುಕೊಂಡಿದ್ದೇನೆಂದು ಬಂದವರಿಗೆ ಹೇಳುತ್ತೇನೆ. ನನ್ನ ಹೆಂಡತಿ ಸುಮಾ ಆಗ ಒಳಗೆ ಹೋಗಿ ನಗುತ್ತಾಳೆ.

ಈ ಸ್ವಭಾವ ಮನೆಮಟ್ಟಿಗೆ ಇದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ 2015ರ ಸುಮಾರಿಗೆ ನನಗೊಂದು ವಿಚಿತ್ರ ಕೆಲಸ ಸಿಕ್ಕಿತು. ಚಾಂಗಿ ಬಿಸಿನೆಸ್ ಪಾರ್ಕಿನ ನಾಲ್ಕನೇ ಮಹಡಿಯಲ್ಲಿ ಕೂತು ಯುರೋಪಿನ ಚಳಿಗಾಲದಲ್ಲಿ ಕಾರುಗಳನ್ನು ಆಲ್ಪ್ಸ್ ಬೆಟ್ಟ ದಾಟಿಸುವುದು. ಅವು ಸಾಮಾನ್ಯ ಕಾರುಗಳಲ್ಲ. ಶ್ರೀಮಂತರು ಆಸೆಪಟ್ಟು ಕೂಡಿಟ್ಟ ಹಳೆಯ ಕಾರುಗಳು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾದ ಸ್ಪೋರ್ಟ್ಸ್ ಕಾರುಗಳು. ಓಡುವುದಕ್ಕೆಂದೇ ಹುಟ್ಟಿದ ಈ ಕಾರುಗಳು ರಸ್ತೆಯ ಮೇಲೆ ಓಡುವುದೇ ಇಲ್ಲ. ಮುಚ್ಚಿದ ಲಾರಿಯೊಳಗೆ ಚಕ್ರಗಳಿಗೆ ಪಟ್ಟಿ ಬಿಗಿಸಿಕೊಂಡು ಸವಾರಿ ಹೋಗುತ್ತವೆ. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಂತೆ, ಆ ಉಪ್ಪು ಸೋಕಿದರೆ ಹಳೆಯ ಕಾರಿಗೆ ತುಕ್ಕು ಹಿಡಿಯುತ್ತದಂತೆ. ಅಂತೆ ಎಂದೇ ಹೇಳಬೇಕು, ಯಾಕೆಂದರೆ ನಾನು ಹಿಮ ನೋಡಿದವನಲ್ಲ. ನನಗೆ ಹಿಮ ಎಂದರೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಬಟ್ಟಲಿಗೆ ಹೆರೆದು ಹಾಕಿ, ಮೇಲೆ ಬಣ್ಣದ ಪಾಕ ಸುರಿದು ಕೊಡುವ ಪದಾರ್ಥ. ಚಳಿ ಎಂದರೆ ಆಫೀಸಿನ ಎಸಿ. ಹೋಗಲಿ, ಕಾರಾದರೂ ಓಡಿಸಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಇಂಟರ್ವ್ಯೂನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಹೀಗೆ. ಡ್ರೈವರ್ ಅಲ್ಲಿ ಕಾರು ಹೇರಿಕೊಂಡು ‘ರೆಡಿ’ ಎಂದು ಮೆಸೇಜ್ ಹಾಕುತ್ತಾನೆ. ನಾನು ಹವಾಮಾನ ವರದಿ ಓದಿ, ಹೋಗಬಹುದು ಅನ್ನಿಸಿದರೆ ‘ರಿಲೀಸ್’ ಬಟನ್ ಒತ್ತಬೇಕು. ಪರದೆಯ ಮೇಲೆ ಕೆಂಪಗಿದ್ದ ಸಾಲು ಹಸಿರಾಗುತ್ತದೆ. ಅದು ಹಸಿರಾಗುವವರೆಗೆ ಲಾರಿ ಅಲುಗಾಡುವಂತಿಲ್ಲ ಎಂಬುದು ಕಂಪನಿಯ ಕಟ್ಟುನಿಟ್ಟಿನ ನಿಯಮ. ನನ್ನ ಪಾಲಿಗೆ ಬಂದ ಡ್ರೈವರ್ ಮಾರೆಕ್, ಪೋಲೆಂಡಿನವನು, ನಾನು ಹುಟ್ಟುವ ಮೊದಲಿನಿಂದ ಲಾರಿ ಓಡಿಸುತ್ತಿರುವವನು. ಅವನ ಮುಖ ನಾನು ನೋಡಿಲ್ಲ, ಫೋನಿನಲ್ಲಿ ಕೆಮ್ಮು ಕೇಳಿದ್ದೇನೆ. ಅಂಥ ಮನುಷ್ಯ ಹಿಮದ ಬೆಟ್ಟ ಹತ್ತಬೇಕೋ ಬೇಡವೋ ಎಂದು ನಾನು ತೀರ್ಮಾನಿಸಬೇಕು. ಪ್ರತಿ ಸಲ ಬಟನ್ ಒತ್ತುವ ಮೊದಲು ವರದಿಯನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅವನಿಗೆ ಏನಾದರೂ ಆದರೆ ಅದು ನನ್ನ ಬೆರಳಿನ ಕೆಲಸ.

ಜನವರಿಯ ಒಂದು ಮಂಗಳವಾರ. ಕ್ಯಾಂಟೀನಿನಲ್ಲಿ ತಡವಾಗಿ ಊಟ ಮುಗಿಸಿ ಸೀಟಿಗೆ ಬಂದಾಗ, ಎರಡೂವರೆಗೇ ಮಾರೆಕ್‌ನ ‘ರೆಡಿ’ ಬಂದು ಕೂತಿತ್ತು. ವರದಿ ತೆರೆದೆ. ಅಲ್ಲಿಯ ಬೆಳಗಿನ ಹನ್ನೊಂದು ಗಂಟೆಗೆ ಭಾರೀ ಹಿಮ ಶುರು. ಬೆಟ್ಟ ದಾಟಲು ಮೂರು ಗಂಟೆ ಬೇಕು. ಅಂದರೆ ಅಲ್ಲಿಯ ಎಂಟಕ್ಕೆ ಹೊರಡಲೇಬೇಕು. ಅಲ್ಲಿಯ ಎಂಟು ಎಂದರೆ ನಮ್ಮಲ್ಲಿ ಮಧ್ಯಾಹ್ನ ಮೂರು. ಬಟನ್ ಒತ್ತಲು ಬೆರಳು ಎತ್ತಿದೆ, ಗಡಿಯಾರದಲ್ಲಿ ಸರಿಯಾಗಿ ಮೂರಾಯಿತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ.

ಪಕ್ಕದ ಕಟ್ಟಡದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಮಾಗೆ ಫೋನ್ ಮಾಡಿದೆ.

“ಊರಲ್ಲಿ ಆರಕ್ಕಾದ್ರೆ, ಇಲ್ಲಿ ಸೂರ್ಯ ಹುಟ್ಟೋದೇ ಏಳಕ್ಕಲ್ವೇನ್ರೀ,” ಎಂದಳು. “ಆ ಲೆಕ್ಕದಲ್ಲಿ ರಾಹುಕಾಲ ಸ್ಟಾರ್ಟ್ ಆಗೋದು ನಾಲ್ಕಕ್ಕೆ. ಈಗ್ಲೇ ಒತ್ತಿಬಿಡಿ.”

“ಕ್ಯಾಲೆಂಡರಲ್ಲಿ ಮೂರು ಅಂತಿದೆ ಕಣೇ.”

“ಅದು ಮೈಸೂರಿನ ಕ್ಯಾಲೆಂಡರ್.”

“ಹಾಗಾದ್ರೆ ಲಾರಿ ಇರೋದು ಆಲ್ಪ್ಸಲ್ಲಿ. ಅಲ್ಲಿನ ಸೂರ್ಯನ್ನ ಹಿಡೀಬೇಕೋ, ಇಲ್ಲಿನ ಸೂರ್ಯನ್ನ ಹಿಡೀಬೇಕೋ?”

“ಹೊರಡೋದು ಅವ್ನು ತಾನೇ? ನಿಮಗ್ಯಾಕ್ರೀ ರಾಹುಕಾಲ?”

“ಬಟನ್ ಒತ್ತೋದು ನಾನಲ್ವಾ?”

“ನಂಗೆ ಮೀಟಿಂಗ್ ಇದೆ, ಇಡ್ತೀನಿ,” ಎಂದು ಇಟ್ಟೇಬಿಟ್ಟಳು.

ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ಮೈಸೂರಿನ ಪ್ರಕಾರ ಮೂರರಿಂದ ನಾಲ್ಕೂವರೆ ಕೆಟ್ಟದ್ದು. ಸಿಂಗಾಪುರದ ಪ್ರಕಾರ ನಾಲ್ಕರಿಂದ ಐದೂವರೆ. ಆಲ್ಪ್ಸಿನಲ್ಲಿ ಚಳಿಗಾಲಕ್ಕೆ ಸೂರ್ಯ ತಡವಾಗಿ ಎದ್ದು ಬೇಗ ಮಲಗುವುದರಿಂದ ಅಲ್ಲಿ ರಾಹುವಿಗೆ ಸಿಗುವುದು ಬರೀ ಒಂದು ಗಂಟೆ, ಅದೂ ಮಧ್ಯಾಹ್ನದ ಮೇಲೆ. ಮೂರೂ ಊರಿನ ರಾಹುಗಳನ್ನು ತೃಪ್ತಿಪಡಿಸಬೇಕೆಂದರೆ ಆ ದಿನ ಹೊರಡುವುದೇ ಬೇಡ. ಹೊರಡದಿದ್ದರೆ ತಡವೇಕೆಂದು ಬರೆದುಕೊಡಬೇಕು. ಏನೆಂದು ಬರೆಯಲಿ?

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಆಂಗ್ ಮೇಡಂ ಬೆನ್ನ ಹಿಂದೆ ಬಂದು ನಿಂತರು. “ವೈ ಸ್ಟಿಲ್ ರೆಡ್ ಆಹ್?” ಎಂದರು. ನಾನು ಗಂಭೀರವಾಗಿ, ಪರಿಸ್ಥಿತಿಯನ್ನು ಗಮನಿಸುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕಾಗದದ ಮೇಲಿದ್ದ ಮೂರು ಊರಿನ ಸೂರ್ಯೋದಯಗಳನ್ನು ನೋಡಿ ಅವರು ಮೆಚ್ಚಿಕೊಂಡೇ ಹೋದರು.

ನಾಲ್ಕು ಮೂವತ್ತೊಂದಕ್ಕೆ ಒತ್ತಿದೆ. ಯೋಚಿಸಿ ಒತ್ತಿದ್ದಲ್ಲ, ಅಡುಗೆಮನೆಯ ಕ್ಯಾಲೆಂಡರ್ ನೋಡಿ ಬೆಳೆದ ಬೆರಳು ತಾನೇ ಹೋಗಿ ಒತ್ತಿಬಿಟ್ಟಿತು. ಸಾಲು ಹಸಿರಾಯಿತು. ಆಮೇಲೆ ನನಗೆ ಬುದ್ಧಿ ಬಂತು. ಒಂದೂವರೆ ಗಂಟೆ ತಡವಾಗಿ ಹೊರಟವನು ಸರಿಯಾಗಿ ಹಿಮ ಸುರಿಯುವ ಹೊತ್ತಿಗೆ ಬೆಟ್ಟದ ನಡುವೆ ಇರುತ್ತಾನೆ. ಬೇಡ, ನಿಲ್ಲು ಎನ್ನಲು ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಎಸಿ ಚಳಿಯಲ್ಲಿ ಕೂತು ಮಾಡುತ್ತಲೇ ಇದ್ದೆ. ನನಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾನೇ ನಂಬದ ಒಂದು ವಿಷಯಕ್ಕಾಗಿ ಒಬ್ಬ ಮನುಷ್ಯನನ್ನು ಹಿಮದ ಬಾಯಿಗೆ ಕೊಟ್ಟಿದ್ದೆ. ಆ ಒಂದು ಗಂಟೆಯಲ್ಲಿ ನೆನಪಿಗೆ ಬಂದ ದೇವರಿಗೆಲ್ಲ ಕೈಮುಗಿದೆ. ದೇವರಲ್ಲಿ ನನಗೆ ಎಷ್ಟು ನಂಬಿಕೆ ಇದೆ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ.

ಐದೂಮುಕ್ಕಾಲಿಗೆ ಫೋನ್ ಬಂತು. ಮೊದಲು ಕೆಮ್ಮು, ಆಮೇಲೆ ಮಾರೆಕ್. ಅವನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ, “ಏಳು ಸಲ ಫೋನ್ ಮಾಡಿದ್ದೀಯ, ಏನಾಯಿತು? ಬೆಟ್ಟದಲ್ಲಿ ಸಿಗ್ನಲ್ ಇರಲಿಲ್ಲ. ದಾಟಿ ಆಯಿತು, ಕಾಫಿ ಕುಡಿಯುತ್ತಿದ್ದೇನೆ. ಎರಡೂ ಕಾರು ಕ್ಷೇಮ.”

ಮೊದಲು ಜೀವ ಬಂತು, ಆಮೇಲೆ ಗೊಂದಲ ಬಂತು. ಮೂರು ಗಂಟೆಯ ದಾರಿಯನ್ನು ಒಂದೇಕಾಲು ಗಂಟೆಯಲ್ಲಿ ದಾಟುವುದು ಹೇಗೆ?

“ನೀನು ಹೊರಟಿದ್ದು ಎಷ್ಟು ಹೊತ್ತಿಗೆ?” ಎಂದೆ.

“ರೆಡಿ ಅಂತ ಮೆಸೇಜ್ ಹಾಕಿದೆನಲ್ಲ, ಆಗಲೇ.”

“ನಾನಿನ್ನೂ ರಿಲೀಸ್ ಒತ್ತಿರಲಿಲ್ಲ.”

“ಅದಕ್ಕೆ ಕಾಯಬೇಕಿತ್ತಾ?” ಎಂದು ಕೇಳಿದ. ಛೇಡಿಸಿದ್ದಲ್ಲ, ನಿಜವಾಗಿಯೇ ಕೇಳಿದ. “ನಾನು ಯಾವತ್ತೂ ಕಾದಿಲ್ಲವಲ್ಲ. ಬೆಟ್ಟ ನನ್ನ ಕಿಟಕಿಯಲ್ಲೇ ಕಾಣುತ್ತದೆ. ಹೋಗಬಹುದು ಅನ್ನಿಸಿದರೆ ಹೋಗುತ್ತೇನೆ. ಬೇಡ ಅನ್ನಿಸಿದರೆ ಬ್ರೇಕು ಸರಿಯಿಲ್ಲ ಅಂತ ಬರೆದು ಮಲಗುತ್ತೇನೆ.”

ನಾಲ್ಕು ತಿಂಗಳು. ಈ ಕೆಲಸಕ್ಕೆ ಸೇರಿದಾಗಿನಿಂದ ವರದಿಗಳನ್ನು ಮತ್ತೆ ಮತ್ತೆ ಓದಿ, ಊಟ ಸೇರದೆ, ರಾಹುವಿನ ಜೊತೆ ಗುದ್ದಾಡಿದ್ದು ನಾಲ್ಕು ತಿಂಗಳು. ಸಮಾಧಾನಪಡಲೋ ಅವಮಾನಪಡಲೋ ತಿಳಿಯಲಿಲ್ಲ. ಆದರೂ ಸಂಬಳದ ಭಯದಿಂದ, “ಇದನ್ನು ನಮ್ಮ ಆಫೀಸಿಗೆ ಮಾತ್ರ ಹೇಳಬೇಡ ಮಾರಾಯ,” ಎಂದು ಬೇಡಿಕೊಂಡೆ.

“ನನಗೇನು ತಲೆಕೆಟ್ಟಿದೆಯಾ?” ಎಂದ ಮಾರೆಕ್. “ಹೇಳಿದರೆ ನಿನ್ನನ್ನು ತೆಗೆದು ಹಿಮ ಗೊತ್ತಿರುವ ಯಾರನ್ನಾದರೂ ತಂದು ಕೂರಿಸುತ್ತಾರೆ. ಆಮೇಲೆ ನನ್ನ ಗತಿ?”

ಆ ವರ್ಷದ ಕೊನೆಯಲ್ಲಿ ಆಂಗ್ ಮೇಡಂ ನನ್ನ ಕೆಲಸದ ವಾರ್ಷಿಕ ವರದಿಯಲ್ಲಿ, ಚಳಿಗಾಲದ ಸಾಗಾಟದಲ್ಲಿ ಅಪರೂಪದ ವಿವೇಚನೆ ತೋರಿಸಿದ್ದಾರೆ ಎಂದು ಬರೆದು ಸಹಿಗೆ ಕೊಟ್ಟರು. ಎರಡು ಸಲ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ. ನನ್ನ ಒಂದೇ ಒಂದು ತೀರ್ಮಾನದಿಂದಲೂ ಆ ವರ್ಷ ಯಾವ ಕಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ. ಸಹಿ ಹಾಕಿದೆ.