ಮೈದಾನಕ್ಕೆ ಬೆನ್ನು ಹಾಕಿದ ಭಾವ

ನಂಬಬೇಡಿ. ಹೂಂ, ನಂಬಬೇಡಿ ನೋಡೋಣ, ಎಷ್ಟು ಹೊತ್ತು ನಂಬದೆ ಇರ್ತೀರಿ ಅಂತ! ನಮ್ಮ ಭಾವ ಮೂರು ವರ್ಷ ಕೊಪ್ಪದ ಬಾಳಗಡಿ ಕಾಲೇಜಿನ ಹುಡುಗಿಯರ ಹಾಕಿ ಮ್ಯಾಚು ಒಂದನ್ನೂ ತಪ್ಪಿಸಿದವರಲ್ಲ. ಹಾಗೇ ಮೊದಲೆರಡು ಬಿಟ್ಟರೆ ಒಂದನ್ನೂ ನೋಡಿದವರಲ್ಲ! ಎಲ್ಲರಿಗಿಂತ ಮೊದಲು ಬರೋರು, ಮೈದಾನದ ಅಂಚಲ್ಲಿ ಒಳ್ಳೇ ಜಾಗ ಹಿಡಿಯೋರು, ಆಮೇಲೆ ಮೈದಾನಕ್ಕೆ ಬೆನ್ನು ಹಾಕಿ ರಸ್ತೆ ನೋಡ್ತಾ ನಿಂತುಬಿಡೋರು. ನೋಡದೇ ಇರೋನಿಗೆ ಒಳ್ಳೇ ಜಾಗ ಯಾಕೆ ಅಂತ ಒಂದ್ಸಲ ಕೇಳಿದ್ದೆ.

"ಯಾಕೆ, ಬೆನ್ನಿಗೆ ಮರ್ಯಾದೆ ಬೇಡ್ವಾ ಮಾರಾಯ?" ಅಂದರು.

ಈಗ ನನ್ನ ಬಗ್ಗೆ ಒಂದು ಮಾತು. ನನ್ನ ಬಗ್ಗೆ ನಾನು ಹೇಳದೆ ಇನ್ಯಾರು ಹೇಳ್ತಾರೆ? ಆಗ ನಾನು ಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಏಜೆಂಟು. "ಶೃಂಗೇರಿ, ಶೃಂಗೇರಿ, ಶೃಂಗೇರೀ..." ಅಂತ ಕೂಗಿ ಬಸ್ಸು ತುಂಬಿಸೋದು ಕೆಲಸ. ನನ್ನ ಗಂಟಲು ಎಂಥದು ಗೊತ್ತಾ? ಎನ್.ಆರ್. ಪುರಕ್ಕೆ ಅಂತ ಮನೆ ಬಿಟ್ಟವನು ನನ್ನ ಕೂಗು ಕೇಳಿ ಮನಸು ಬದಲಾಯಿಸಿ ಶೃಂಗೇರಿ ಬಸ್ಸು ಹತ್ತಿ ಕೂರ್ತಿದ್ದ! "ಈಗ ಹೊರಡತ್ತೆ, ಈಗ ಹೊರಡತ್ತೆ" ಅಂತ ನಾನು ಹತ್ತಿಸಿದ ಬಸ್ಸು ಹೊರಡೋದ್ರೊಳಗೆ ಜನ ಇಳಿದು ಹೋಗಿ ಊಟ ಮುಗಿಸಿ, ಕೈ ತೊಳೆದು, ಬೀಡ ಹಾಕ್ಕೊಂಡು ಬರಬಹುದಿತ್ತು. ಆದ್ದರಿಂದ ನಾನು ಬಾಯಿ ತೆರೆದರೆ ಕೊಪ್ಪದಲ್ಲಿ ಅರ್ಧ ಜನ ಮೊದಲೇ ನಗ್ತಾರೆ. ನಗಲಿ ಬಿಡಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಾನು ಕರೆದೂ ಕರೆದೂ ಊರಿಗೆಲ್ಲ ಅವರು ಭಾವನೇ ಆಗಿಹೋಗಿದ್ದರು. ಪೇಟೆಬೀದಿಯಲ್ಲಿ ಜವಳಿ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಅಂಗಡಿಯಲ್ಲೂ ಅವರು ಯಾರ ಮುಖವನ್ನೂ ನೇರ ನೋಡಿದವರಲ್ಲ! ಹೆಂಗಸರು ಸೀರೆ ಹೆಗಲ ಮೇಲೆ ಹಾಕಿ ನೋಡ್ಕೊಳ್ಳೋಕೆ ಒಂದು ಆಳೆತ್ತರದ ಕನ್ನಡಿ ಇತ್ತು. ಆ ಕನ್ನಡಿಯಲ್ಲೇ ಗಿರಾಕಿಯನ್ನ ನೋಡ್ತಾ ವ್ಯಾಪಾರ.

"ಮುಖ ಕಂಡ್ರೆ ಕರುಣೆ ಬರತ್ತೆ, ರೇಟು ಇಳಿಸಿಬಿಡ್ತೀನಿ. ಕನ್ನಡಿಲಿ ನೋಡಿದ್ದು ನೋಡಿದ ಲೆಕ್ಕಕ್ಕಿಲ್ಲ" ಅನ್ನೋರು.

ಇನ್ನು ಬೆನ್ನು ಹಾಕೋ ಕತೆಗೆ ಮೂಲ ಅವರ ಒಬ್ಬಳೇ ಮಗಳು ಪುಟ್ಟಿ. ಕಾಲೇಜು ಸೇರಿದ ವರ್ಷವೇ ಹಾಕಿ ಟೀಮಿಗೆ ಗೋಲ್‌ಕೀಪರ್ ಆದಳು. ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡು, ತಲೆಗೆ ಹೆಲ್ಮೆಟ್ಟು. ಮೊದಲ ಮ್ಯಾಚಿಗೆ ಭಾವ ಹೊಸ ಶರಟು ಹಾಕಿ ಮುಂದೆ ನಿಂತು ರೆಪ್ಪೆ ಮಿಟುಕಿಸದೆ ಮಗಳನ್ನೇ ನೋಡಿದರು. ಸಂಜೆ ದನ ಕೊಟ್ಟಿಗೆಗೆ ಬಂದ ಹಾಗೆ ಬಾಲು ಒಂದರ ಹಿಂದೊಂದು ಒಳಗೆ ಬಂತು! ಎರಡನೇ ಮ್ಯಾಚಲ್ಲಿ ಎಲೆ ಅಡಿಕೆ ಉಗಿಯೋಕೆ ಅಂತ ಹಿಂದೆ ತಿರುಗಿದರು, ನಮ್ಮವರ ಗೋಲು! ಏನಾಯ್ತು ಅಂತ ಈಚೆ ತಿರುಗಿದರು, ಆ ಕಡೆಯವರ ಗೋಲು! ಪುನಃ ಆಚೆ ತಿರುಗಿದರು, ಪುನಃ ನಮ್ಮದು!

ಭಾವ ಅಲ್ಲೇ ನಿಂತು ಯೋಚಿಸಿದರು. ಮಕ್ಕಳಿಗೆ ಹೆತ್ತವರ ದೃಷ್ಟಿ ತಾಗೋ ಹಾಗೆ ಬೇರೆ ಯಾರದ್ದೂ ತಾಗಲ್ಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಮುಗೀತು. "ನನ್ನ ಕಣ್ಣೇ ಕಣೋ ತಾಗ್ತಿರೋದು" ಅಂದರು. ಅಕ್ಕ ಮ್ಯಾಚಿನ ದಿನ ಬೆಳಿಗ್ಗೆ ಮಗಳಿಗೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕೋಳು. ಭಾವನದ್ದು ಅದಕ್ಕಿಂತ ಕಠಿಣ ವ್ರತ. ಆವತ್ತಿಂದ ಮೈದಾನಕ್ಕೆ ಬೆನ್ನು.

ಈ ವ್ರತದಿಂದ ಆದ ಅವಾಂತರ ಒಂದಾ ಎರಡಾ! ಎನ್.ಆರ್. ಪುರದಲ್ಲಿ ಒಂದ್ಸಲ ಮುಖ್ಯ ಅತಿಥಿಗಳು ಭಾಷಣ ಮಾಡ್ತಿದ್ದಾರೆ, ಎದುರಿಗೆ ಭಾವನ ಬೆನ್ನು. ಪಾಪ, ಆ ಅತಿಥಿಗಳು ತನ್ನ ಮೇಲೆ ಏನೋ ಸಿಟ್ಟಿರಬೇಕು ಅಂದ್ಕೊಂಡು ಭಾಷಣ ಅರ್ಧಕ್ಕೆ ನಿಲ್ಲಿಸಿ ಕೂತುಬಿಟ್ಟರು. ಜನ ಆಮೇಲೆ ಭಾವನಿಗೇ ಕೈ ಕೊಟ್ಟು ಥ್ಯಾಂಕ್ಸ್ ಹೇಳಿದರು!

ಶೃಂಗೇರಿಯದ್ದು ಇನ್ನೂ ಚಂದ. ಭಾವ ಕಣ್ಣು ಮುಚ್ಚಿ, ರಸ್ತೆ ಕಡೆ ಮುಖ ಮಾಡಿ, ಕಿವಿ ಅರಳಿಸಿ ನಿಂತಿದ್ದಾರೆ. ಒಬ್ಬರು ಅಜ್ಜಿ ಬಂದು "ಅಯ್ಯೋ, ಕಣ್ಣು ಕಾಣ್ದ ಜೀವ, ಎಷ್ಟು ಹೊತ್ತಿಂದ ನಿಂತಿದೆ" ಅಂತ ಕೈ ಹಿಡಿದು ರಸ್ತೆ ದಾಟಿಸಿದರು. ಭಾವ ಎಲೆ ಅಡಿಕೆ ತುಂಬಿದ ಬಾಯಲ್ಲಿ "ಉಂ, ಉಂ" ಅಂದರೇ ಹೊರತು ಬಿಡಿಸಿ ಹೇಳೋಕೆ ಆಗಲಿಲ್ಲ. ಆಚೆ ಬದಿ ತಲುಪಿದ್ದೇ ತಡ, ಹಿಂದಿನಿಂದ ಕೂಗು. ನಮ್ಮವರ ಗೋಲು! ಭಾವ ಬಾಯಲ್ಲಿದ್ದದ್ದು ಉಗಿದು, ಕೈ ಮುಗಿದು ಏನಂದರು ಗೊತ್ತಾ? "ಅಮ್ಮಾ, ಇನ್ನೊಂದ್ಸಲ ದಾಟಿಸ್ತೀರಾ?"

ಮ್ಯಾಚು ಮುಗಿದ ಮೇಲೆ ನಮ್ಮದೆಲ್ಲ ಬಸ್‌ಸ್ಟ್ಯಾಂಡ್ ಪಕ್ಕದ ಭಟ್ಟರ ಹೋಟೆಲು. ಒಂದು ಚಾ, ಒಂದು ಪ್ಲೇಟು ಗೋಳಿಬಜೆ, ಮುಗಿಯದಷ್ಟು ಮಾತು. ಯಾರು ಪಾಸು ಕೊಡಬೇಕಿತ್ತು, ಯಾರು ಓಡಬೇಕಿತ್ತು, ಹಾಕಿ ಕೋಲು ಮುಟ್ಟದವರೆಲ್ಲ ಅಲ್ಲಿ ಕೋಚುಗಳೇ. (ನಾನು ಮುಟ್ಟಿದ್ದೆ. ಹೈಸ್ಕೂಲಲ್ಲಿ ನಾನು ಹೊಡೆದ ಬಾಲು ಇನ್ನೂ ಸಿಕ್ಕಿಲ್ಲ.) ಆದರೆ ಕಡೆಗೆ ಎಲ್ಲರೂ ಬಾಯಿ ಮುಚ್ಚಿ ಕೇಳ್ತಿದ್ದದ್ದು ಭಾವ ಹೇಳೋ ಮ್ಯಾಚನ್ನ. ಹೌದು ಸ್ವಾಮಿ, ನೋಡದೇ ಇದ್ದವರು ನೋಡಿದವರಿಗೆ ಹೇಳೋದು!

"ಟಕ್ ಅಂದ್ರೆ ಪಾಸು, ಠಪ್ ಅಂದ್ರೆ ಹೊಡ್ತ, ಧಬ್ ಅಂದ್ರೆ ನನ್ನ ಪುಟ್ಟಿ ಕಾಲು" ಅಂತ ಶುರು ಮಾಡೋರು. ದನಿ ಮೆಲ್ಲಗೆ ಇಳೀತಾ ಹೋಗೋದು. ಅವರು ಹೇಳೋ ಮ್ಯಾಚಲ್ಲಿ ಬಾಲು ನೆಲ ಮುಟ್ಟುತ್ತಲೇ ಇರಲಿಲ್ಲ, ಹೊಳೆ ಮೇಲಿನ ಮಂಜಿನ ಹಾಗೆ ತೇಲಿಕೊಂಡು ಬರೋದು. ಹುಡುಗಿಯರು ಓಡ್ತಿರಲಿಲ್ಲ, ಬೆಳ್ಳಕ್ಕಿ ಸಾಲಿನ ಹಾಗೆ ಎದ್ದು, ಅಲ್ಲೊಂದು ಸುತ್ತು ಹಾಕಿ, ಇಲ್ಲಿ ಇಳಿಯೋರು. ಚಾ ಆರಿ ಕೆನೆ ಕಟ್ಟಿದರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಮುಗಿದ ಮೇಲೆ ಭಟ್ಟರು ಕಣ್ಣುಜ್ಜಿಕೊಂಡು "ಅಲ್ಲ ಮಾರಾಯ್ರೆ, ನಾನು ನೋಡಿದ್ದು ಯಾವ ಮ್ಯಾಚು ಹಾಗಾದ್ರೆ?" ಅನ್ನೋರು.

ಹೀಗೆ ಪುಟ್ಟಿಯ ಕಡೇ ವರ್ಷ ಬಂತು. ಶುರುವಿನಲ್ಲಿ ನಮ್ಮ ಟೀಮು ಸೋತದ್ದೇ ಸೋತದ್ದು. ಆಮೇಲೆ ಏನು ಗ್ರಹಗತಿ ತಿರುಗಿತೋ, ಒಂದೊಂದೇ ಗೆಲ್ತಾ ಗೆಲ್ತಾ ಕಡೇ ಮ್ಯಾಚಿಗೆ ಬಂದು ನಿಂತಿತು. ಅದೂ ಬಾಳಗಡಿಯಲ್ಲೇ, ಶುರುವಿನಲ್ಲಿ ನಮ್ಮನ್ನ ಚಿಂದಿ ಮಾಡಿ ಕಳಿಸಿದ್ದ ದೊಡ್ಡ ಊರಿನ ಟೀಮಿನ ಎದುರು.

ಹಿಂದಿನ ದಿನ ನಾನು ಭಾವನ ಅಂಗಡಿಯಲ್ಲಿ ಕೂತಿದ್ದೆ. ಪುಟ್ಟಿ ಪ್ರಾಕ್ಟೀಸ್ ಮುಗಿಸಿ ಬಂದವಳು ನೇರ ಅಪ್ಪನ ಹಿಂದೆ ನಿಂತಳು. ಭಾವ ಎಂದಿನ ಹಾಗೆ ಕನ್ನಡಿಯಲ್ಲೇ ಮಗಳನ್ನ ನೋಡಿದರು.

"ಅಪ್ಪ, ನಾಳೆದು ಕಡೇದು. ಪರೀಕ್ಷೆ ಮುಗಿದ್ರೆ ನಾನು ಮತ್ತೆ ಪ್ಯಾಡು ಕಟ್ಟಲ್ಲ. ಒಂದೇ ಒಂದ್ಸಲ ತಿರುಗಿ ನೋಡಿ."

"ನಾ ನೋಡಿ ನೀ ಸೋತ್ರೆ ಪುಟ್ಟಿ?"

"ಸೋತ್ರೆ ಸೋತೆ. ಸೋತದ್ದನ್ನಾದ್ರೂ ನೋಡಿದ ಹಾಗಾಯ್ತಲ್ಲ?"

ಭಾವ ಮಡಚಿದ್ದ ಸೀರೆ ಬಿಚ್ಚಿದರು, ಮತ್ತೆ ಮಡಚಿದರು. ಪುಟ್ಟಿ ಹೊರಟುಹೋದಳು.

"ಭಾವ, ಕೊರಳಿಗೆ ಒಂದು ಬೂದುಗುಂಬಳ ಕಟ್ಕೊಂಡು ನಿಂತು ನೋಡಿ. ದೃಷ್ಟಿ ಎಲ್ಲ ಅದಕ್ಕೇ ಹೋಗ್ತದೆ" ಅಂತ ನಾನು ರೇಗಿಸಿದೆ.

ಅವರು ನಗಲಿಲ್ಲ. "ನೋಡ್ಬೇಕು ಅಂತ ನಂಗಿಲ್ವಾ ಮಾರಾಯ? ಊರಿಗೆಲ್ಲ ಅವಳ ಆಟ ಹೇಳ್ತೀನಿ. ಅವಳು ಆ ಕಂಬಗಳ ಮಧ್ಯೆ ಹೇಗೆ ನಿಂತ್ಕೊಳ್ತಾಳೆ ಅಂತ್ಲೇ ನಂಗೆ ಈಗ ನೆನಪಿಲ್ಲ. ಆದ್ರೆ ಅವಳು ಗೆಲ್ಲಬೇಕಲ್ಲ" ಅಂದರು. ಇಂಥ ಮಾತಿಗೆ ತಿರುಗಿಸಿ ಕೊಡೋಕೆ ನನ್ನ ಹತ್ರ ತಮಾಷೆ ಇರಲಿಲ್ಲ. ನನ್ನ ಹತ್ರ! ಯೋಚನೆ ಮಾಡಿ.

ಇನ್ನು ನಮ್ಮ ಹೋಟೆಲಿನ ಗುಂಪು ಬಿಡ್ತದಾ? ಭಟ್ಟರೇ ಅಂಗಡಿಗೆ ಬಂದರು. "ಭಾವ, ಮಗಳು ಹೇಳಿದ್ಲು ಅಂತ ನಾಳೆ ತಿರುಗಿಗಿರುಗೀರಿ ಮತ್ತೆ! ಬೇಕಾದ್ರೆ ನಿಮ್ಮ ಕತ್ತು ಹಿಡ್ಕೊಳ್ಳೋಕೆ ಇಬ್ಬರನ್ನ ನಿಲ್ಲಿಸ್ತೀವಿ!"

ಮ್ಯಾಚಿನ ಸಂಜೆ ಈಗಲೂ ನನಗೆ ನಡೆದದ್ದೋ ಕನಸಲ್ಲಿ ಕಂಡದ್ದೋ ಗೊತ್ತಾಗಲ್ಲ. ಎಸ್ಟೇಟುಗಳಲ್ಲಿ ಕಾಫಿ ಹೂವಾಗಿತ್ತು. ಗಾಳಿ ಬೀಸಿದಾಗೆಲ್ಲ ಪರಿಮಳ ಬಂದು ಮೈದಾನದ ತುಂಬ ಹರಡೋದು. ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು, ಹುಡುಗಿಯರ ಕಾಲಡಿ ಎದ್ದ ಧೂಳು ಕೆಳಗಿಳಿಯೋದನ್ನೇ ಮರೆತ ಹಾಗೆ ನಿಂತಿತ್ತು. ಭಾವ ತಮ್ಮ ಜಾಗದಲ್ಲಿ, ಬೆನ್ನು ಮೈದಾನಕ್ಕೆ. ಅವರ ಆಚೆ ಈಚೆ ಭಟ್ಟರ ಕಡೆಯ ಇಬ್ಬರು ಕಾವಲು.

ಅಷ್ಟರಲ್ಲಿ ಒಂದು ಪ್ರೈವೇಟ್ ಬಸ್ಸು ಪಂಕ್ಚರ್ ಆಗಿ ಸರಿಯಾಗಿ ಭಾವನ ಎದುರಿಗೇ ರಸ್ತೆ ಬದಿಯಲ್ಲಿ ನಿಂತುಬಿಡ್ತು. ಖಾಲಿ ಬಸ್ಸು. ಕಿಟಕಿ ಎಲ್ಲ ಮುಚ್ಚಿದ್ದವು. ಆ ಧೂಳಿನ ಕಾಲದಲ್ಲೂ ಗಾಜು ಪಳಪಳ ಅಂತಿತ್ತು. "ಇರೋ ಒಂದು ರಸ್ತೆನೂ ಕಾಣದ ಹಾಗಾಯ್ತಲ್ಲ!" ಅಂತ ಭಾವ ಗೊಣಗಿದರು. ಗೊಣಗಿದವರು ಇದ್ದಕ್ಕಿದ್ದ ಹಾಗೆ ಸುಮ್ಮನಾದರು. ಆಮೇಲೆ ಟಕ್ ಅಂದರೂ ಮಾತಿಲ್ಲ, ಠಪ್ ಅಂದರೂ ಮಾತಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆ ಅಗಿಯೋದನ್ನೂ ಬಿಟ್ಟಿದ್ದರು.

ಆಟ ಮುಗಿಯೋಕೆ ಸ್ವಲ್ಪ ಇದೆ ಅನ್ನುವಾಗ ನಮ್ಮವರು ಒಂದು ಗೋಲು ಹೊಡೆದರು. ನನ್ನ ಕೂಗಿಗೆ ಹರಿಹರಪುರದಲ್ಲಿ ನಾಯಿ ಬೊಗಳಿದವು! ಕೂಗು ನಿಲ್ಲೋದ್ರೊಳಗೆ ಆ ಕಡೆಯವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯೋಳು ಒಬ್ಬಳು, ತಡೆಯೋಳು ಒಬ್ಬಳು. ಬಾಲು ಒಳಗೆ ಹೋದರೆ ಗೆಲುವು ಕೈಬಿಟ್ಟ ಹಾಗೆ. ಠಪ್! ಪುಟ್ಟಿ ಬಲಗಾಲು ಚಾಚಿದಳು. ಧಬ್! ಬಾಲು ಎಲ್ಲೋ ಆಚೆ ಹೋಗಿ ಬಿತ್ತು. ಜನ ಕುಣಿಯೋಕೆ ಶುರು ಮಾಡಿದರೆ ಪುಟ್ಟಿ ಮಾತ್ರ ಮೆಲ್ಲಗೆ ಹಿಂದೆ ಸರಿದು, ಗೋಲಿನ ಕಂಬವನ್ನ ಬಲಗೈಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಭಾವ? ಕಡೇವರೆಗೂ ತಿರುಗಲಿಲ್ಲ. ಕಾವಲಿನವರು ಸಾಕ್ಷಿ.

ಹೋಟೆಲಲ್ಲಿ ಆವತ್ತು ಕೂರೋಕೆ ಜಾಗ ಇಲ್ಲ. ಪುಟ್ಟಿ ಬಲಗಾಲು ಊದಿಸಿಕೊಂಡು ಅಪ್ಪನ ಪಕ್ಕ ಕೂತಿದ್ದಳು. ಆದರೆ ಅಪ್ಪನ ಮುಖ ನೋಡ್ತಿರಲಿಲ್ಲ. "ಹೇಳಿ ಭಾವ, ಹೇಳಿ!" ಅಂತ ಎಲ್ಲರೂ. ಭಾವ ಶುರು ಮಾಡಿದರು, ಆದರೆ ನಿದ್ದೆಯಲ್ಲಿ ಮಾತಾಡೋರ ಹಾಗೆ.

"ಆ ಕಡೆ ಹುಡುಗಿ ಇದ್ದಳಲ್ಲ, ಎಡಚಿ, ಕೋಲನ್ನ ಎಡಗಡೆಯಿಂದ ಬೀಸಿದ್ಲು..."

ಹೋಟೆಲೆಲ್ಲ ಗೊಳ್ ಅಂತು. "ಹಾಕಿಲಿ ಎಡಗೈ ಕೋಲೇ ಇಲ್ಲ ಮಾರಾಯ್ರೆ! ಇವತ್ತು ಕಿವಿ ಕೈಕೊಡ್ತಾ?" ಅಂದರು ಭಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಭಾವ ತಬ್ಬಿಬ್ಬಾಗಿ ಚಾ ಕುಡಿದರು.

ಮನೆ ಕಡೆ ನಡೆಯುವಾಗ ನಾವು ಮೂರೇ ಜನ. ಪುಟ್ಟಿ ಕುಂಟ್ತಾ ಇದ್ದಳು. ಸ್ವಲ್ಪ ದೂರ ಹೋದ ಮೇಲೆ ಭಾವ ಬೈಯೋ ದನಿಯಲ್ಲಿ ಅಂದರು:

"ಅಲ್ಲ ಪುಟ್ಟಿ, ಅಷ್ಟು ಚೆನ್ನಾಗಿ ತಡೆದು, ಕಡೆಗೆ ಎಡಗೈಲಿ ಕಂಬ ಮುಟ್ಟಿ ಕಣ್ಣಿಗೊತ್ಕೊಂಡ್ಯಲ್ಲ? ನಮಸ್ಕಾರ ಮಾಡೋದು ಬಲಗೈಲಿ ಅಂತ ಹೇಳಿಕೊಟ್ಟಿಲ್ವಾ ನಿಮ್ಮಮ್ಮ?"

ಪುಟ್ಟಿ ಗಕ್ಕನೆ ನಿಂತಳು. ಕಂಬ ಮುಟ್ಟಿದರೆ ಸದ್ದು ಬರತ್ತಾ? ನೀವೇ ಹೇಳಿ! ಅವಳು ತನ್ನ ಬಲಗೈಯನ್ನೇ ಎತ್ತಿ ನೋಡಿಕೊಂಡಳು. ಎಡ ಬಲ ಆಗೋದು, ಬಲ ಎಡ ಆಗೋದು ಎಲ್ಲಿ ಅಂತ ಜವಳಿ ಅಂಗಡಿಯವನ ಮಗಳಿಗೆ ಯಾರಾದರೂ ಹೇಳಬೇಕಾ? ಆ ಬಸ್ಸಿನ ಮುಚ್ಚಿದ ಗಾಜುಗಳಲ್ಲಿ ಜೇನು ಬಣ್ಣದ ಮೈದಾನ ಪೂರ್ತಿ ಬಿದ್ದಿತ್ತು. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹುಡುಗಿಯರು ಓಡ್ತಾ ಇದ್ದರು, ಕಡೇ ಕಿಟಕಿಯಲ್ಲಿ ಎರಡು ಕಂಬದ ಮಧ್ಯೆ ಒಬ್ಬಳು ನಿಂತಿದ್ದಳು. ಭಾವ ತಿರುಗಲಿಲ್ಲ, ನಿಜ. ಕನ್ನಡಿಲಿ ನೋಡಿದ್ದು ನೋಡಿದ ಲೆಕ್ಕಕ್ಕಿಲ್ಲವಲ್ಲ!

"ತಪ್ಪಾಯ್ತಪ್ಪ. ಇನ್ಮೇಲೆ ಬಲಗೈಲೇ ಮುಟ್ತೀನಿ" ಅಂದಳು ಪುಟ್ಟಿ. ಇನ್ಮೇಲೆ ಎಲ್ಲಿದೆ? ಅದು ಮೂವರಿಗೂ ಗೊತ್ತಿತ್ತು. ಅವಳು ಅಪ್ಪನ ತೋಳು ಹಿಡಿದುಕೊಂಡು, ಅವರ ಮೇಲೇ ಭಾರ ಹಾಕಿ ನಡೆದಳು. ಕಾಲು ನೋವಿಗೆ ಅಂತ ನೀವು ಅಂದ್ಕೊಳ್ಳಬಹುದು.

ಮನೆ ಬಾಗಿಲಲ್ಲಿ ನನ್ನ ಕಡೆ ತಿರುಗಿ ಕೇಳಿದಳು, "ಮಾವ, ಆ ಬಸ್ಸಿನ ಪಂಕ್ಚರ್ ಸರಿ ಆಯ್ತಾ?"

"ಯಾವ ಬಸ್ಸು?" ಅಂದೆ.

ಭಾವ ಇವತ್ತಿಗೂ ಹೇಳೋದು ಒಂದೇ, "ನಾನು ನನ್ನ ಮಗಳ ಆಟ ನೋಡಿಲ್ಲ." ಹೇಳಿ ಸುಮ್ಮನೆ ಎಲ್ಲೋ ನೋಡ್ತಾ ಕೂರ್ತಾರೆ, ಕಾಫಿ ಹೂವಿನ ಪರಿಮಳ ಮೂಗಿಗೆ ಬಂದವರ ಹಾಗೆ.

ಸರಿ, ನೀವು ಇಷ್ಟು ಓದಿದ್ದಕ್ಕೆ ಒಂದು ಮಾತು. ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಅಜ್ಜಿ ಅಲ್ಲ, ಅಜ್ಜಿ ನಿಜ. ಹರಿಹರಪುರದ ನಾಯಿಯೂ ನಿಜ. ಪಂಕ್ಚರ್ ಸುಳ್ಳು. ಆ ಬಸ್ಸಿನ ಚಕ್ರಗಳೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಡ್ರೈವರು ನನ್ನ ಗೆಳೆಯ, ಎಲ್ಲಿ ನಿಲ್ಲಿಸು ಅಂದರೆ ಅಲ್ಲಿ ನಿಲ್ಲಿಸ್ತಿದ್ದ. ಗಾಜು ಒರೆಸಿದ ನನ್ನ ಬಿಳಿ ಟವೆಲ್ಲು ಮಾತ್ರ ಎಷ್ಟು ತೊಳೆದರೂ ಮತ್ತೆ ಬಿಳಿ ಆಗಲಿಲ್ಲ. ಇದು ಹೇಗಾಯ್ತು ಅಂತ ಹೆಂಡತಿ ಕೇಳಿದಾಗೆಲ್ಲ "ಬಸ್ಸಿನ ಧೂಳು ಮಾರಾಯ್ತಿ" ಅಂತೀನಿ.

ಅದರಲ್ಲಿ ಸುಳ್ಳೇನಿದೆ?