ಅಕ್ಬರನ ಬಾಯಿ ಮತ್ತು ಕೊನೆಯ ರಿಲೇ

ಜೈಡಾಸ್ ಬಡಾವಣೆಯ ಆಫೀಸಿನಲ್ಲಿ ಅಕ್ಬರ್ ಊಟದ ಡಬ್ಬಿ ಬಿಚ್ಚುವುದಕ್ಕೂ ಪಕ್ಕದಲ್ಲಿದ್ದ ಫೋನು ಮಿನುಗುವುದಕ್ಕೂ ಸರಿಹೋಯಿತು. ‘ರಿಲೇ: ನಾರ್ವೆಗೆ ಗೆಲುವು’ ಎಂಬಷ್ಟನ್ನು ಕಣ್ಣು ಓದಿಯೇಬಿಟ್ಟಿತು. ಮುಂದಿನದು ಕಾಣದಿರಲೆಂದು ಅವನು ಫೋನನ್ನು ತಟ್ಟನೆ ಬೋರಲು ಹಾಕಿದ. ಗಾಬರಿಯಲ್ಲಿ ಹಾಕಿದ್ದು ಮೇಜಿನ ಮೇಲಲ್ಲ, ಡಬ್ಬಿಯ ದಾಲ್ಚಾ ಸಾರಿನೊಳಗೆ.

ಫೋನು ಅಲ್ಲೇ ಕಣ್ಣು ಮುಚ್ಚಿತು. ಅಕ್ಬರನಿಗೆ ಅದರ ಚಿಂತೆಯಿರಲಿಲ್ಲ. ಗೊತ್ತಾಗಬಾರದ್ದು ಗೊತ್ತಾಗಿಬಿಟ್ಟಿತಲ್ಲ, ಇದನ್ನು ಸಂಜೆಯವರೆಗೆ ಎಲ್ಲಿ ಬಚ್ಚಿಡುವುದು?

ಅವನ ಅತ್ತೆ ಚಾಂದ್ ಬಿ ಹರಿಹರದಿಂದ ಚಳಿಗಾಲ ಕಳೆಯಲೆಂದು ರಾಟರ್‌ಡ್ಯಾಮಿನ ಮಗಳ ಮನೆಗೆ ಬಂದಿದ್ದರು. ತಿಳಿಯದ ಭಾಷೆಯ ಟೀವಿ ತಿರುಗಿಸುತ್ತ ಒಂದು ದಿನ ಹೆಂಗಸರ ಬಯಾಥ್ಲಾನ್ ರಿಲೇ ಕಂಡರು. ಬೆನ್ನಿಗೆ ಬಂದೂಕು ಕಟ್ಟಿಕೊಂಡ ಹುಡುಗಿಯರು ಹಿಮದ ಮೇಲೆ ಸ್ಕೀ ಹಾಕಿಕೊಂಡು ಓಡುತ್ತಾರೆ. ಏದುಸಿರು ಬಿಡುತ್ತಲೇ ಒಮ್ಮೆ ಮಲಗಿ, ಒಮ್ಮೆ ನಿಂತು ಗುಂಡು ಹಾರಿಸುತ್ತಾರೆ. ಐದು ಕಪ್ಪು ಚುಕ್ಕೆ ಬೆಳ್ಳಗಾಗಬೇಕು. ಕಪ್ಪಾಗಿ ಉಳಿದ ಒಂದೊಂದಕ್ಕೂ ಒಂದೊಂದು ಶಿಕ್ಷೆಯ ಸುತ್ತು.

“ಇದನ್ನ ನೋಡೋಕೆ ಯಾವ ಭಾಷೆ ಬೇಕು?” ಎಂದರು ಚಾಂದ್ ಬಿ.

ಓಡುವವರು ನಾಲ್ವರಾದ ಮೇಲೆ ನೋಡುವವರೂ ನಾಲ್ವರಿರಬೇಕೆಂದು ಅವರೇ ಕಾನೂನು ಮಾಡಿದರು. ಮೊದಲ ಪಾಳಿ ಅವರದು, ಎರಡನೆಯದು ಮಗಳು ಸಮ್ರೀನ್‌ಳದು, ಮೂರನೆಯದು ಮೇಲಿನ ಮನೆಯ ಮೈಥಿಲಿಯದು, ಕೊನೆಯದು ಕೆಳಗಿನ ಮನೆಯಲ್ಲಿದ್ದು ಓದುತ್ತಿದ್ದ ಅಮೂಲ್ಯಾಳದು. ಪಾಳಿ ಬಂದವಳು ಸೋಫಾದ ತುದಿಗೆ ಸರಿದು ಕೂರಬೇಕು, ಮುಗಿದೊಡನೆ ಮುಂದಿನವಳ ಅಂಗೈ ತಟ್ಟಬೇಕು. ಓಟ ನಡೆಯುವುದು ಹಗಲಲ್ಲಿ, ಮೂವರಿಗೆ ಕೆಲಸ, ಕಾಲೇಜು. ಆದ್ದರಿಂದ ರೆಕಾರ್ಡ್ ಮಾಡಿಟ್ಟು ಸಂಜೆ ಒಟ್ಟಿಗೆ ನೋಡುವುದು. ಅಲ್ಲಿಯವರೆಗೆ ಗೆದ್ದವರ ಹೆಸರು ಯಾರ ಕಿವಿಗೂ ಬೀಳಬಾರದು.

ಬೀಳಿಸುತ್ತಿದ್ದವನು ಅಕ್ಬರ್. ಡಿಸೆಂಬರಿನಲ್ಲಿ ರೈಲಿನಿಂದಲೇ ಫೋನ್ ಮಾಡಿ, “ಅಮ್ಮಿ, ಮುಬಾರಕ್! ನಿಮ್ಮ ಸ್ವೀಡನ್ ಗೆದ್ದಿತು!” ಅಂದಿದ್ದ. ಜನವರಿಯಲ್ಲಿ, “ನಾನೇನೂ ಹೇಳಲ್ಲಪ್ಪ, ಕೊನೇ ಗುಂಡು ಮಾತ್ರ ಸರಿಯಾಗಿ ನೋಡಿ” ಅಂದಿದ್ದ. ಫೆಬ್ರವರಿಯಲ್ಲಿ ತುಟಿ ಬಿಚ್ಚಲಿಲ್ಲ, ಆದರೆ ಗೆದ್ದ ದೇಶದ ಬಾವುಟದ ಬಣ್ಣದಲ್ಲಿ ಕೇಕು ತಂದಿದ್ದ.

ಅಕ್ಬರನ ತಂಗಿ ಮಹನೂರ್‌ಳನ್ನು ಚಾಂದ್ ಬಿ ತಮ್ಮ ಅಣ್ಣನ ಮಗ ಹಸೀಬನಿಗೆ ತರುವ ಮಾತು ಆಗ ನಡೆದಿತ್ತು. ಕೇಕಿನ ಮೇಲೆ ಚಾಕು ಹಿಡಿದುಕೊಂಡೇ ಅವರು ಹೇಳಿದ್ದರು: “ಅಕ್ಬರ್ ಮಿಯಾ, ಒಂದು ಆಟದ ಸುದ್ದಿ ಹೊಟ್ಟೇಲಿ ಇಟ್ಕೊಳ್ಳೋಕಾಗದ ಮನೆ ಜೊತೆ ನಮ್ಮಣ್ಣ ಸಂಬಂಧ ಮಾಡಬೇಕಾ? ಮಾರ್ಚಲ್ಲಿ ಕೊನೇ ರಿಲೇ ಇದೆ. ಅದೊಂದು ನೋಡ್ತೀನಿ.”

ಹಸೀಬನನ್ನು ಮನಸಾರೆ ಒಪ್ಪಿದ್ದ ಮಹನೂರ್ ಅಂದಿನಿಂದ ದಿನಾ ಬೆಳಗ್ಗೆ ಊರಿನಿಂದ ಒಂದೇ ಸಂದೇಶ ಕಳಿಸುತ್ತಿದ್ದಳು: “ಭಯ್ಯಾ, ಪ್ಲೀಸ್, ಬಾಯಿ ಮುಚ್ಕೊಂಡಿರಿ.”

ಸಂಜೆಯ ರೈಲಿನಲ್ಲಿ ಎದುರಿಗೇ ಬಂದು ಕೂತವನು ಮೈಥಿಲಿಯ ಗಂಡ ಜಯದೇವ.

“ಏನ್ ಗುರು, ಮುಖ ಹೀಗಿದೆ? ರಿಸಲ್ಟ್ ಗೊತ್ತಾಗೋಯ್ತಾ?”

“ಹಲ್ಲುನೋವು ಮಾರಾಯ” ಎಂದ ಅಕ್ಬರ್. ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೆಯ ನೆಪ ಉಂಟೆ ಎಂದು ತನ್ನ ಬುದ್ಧಿಗೆ ತಾನೇ ತಲೆದೂಗಿದ. ಜಯದೇವ ಕೂಡಲೇ ಹೆಂಡತಿಗೆ ಫೋನ್ ಮಾಡಿದ. ರೈಲು ರಾಟರ್‌ಡ್ಯಾಮ್ ಮುಟ್ಟುವ ಮೊದಲೇ ಹಲ್ಲುನೋವು ಮನೆ ಮುಟ್ಟಿತ್ತು.

ಮುಖ ಹದಕ್ಕೆ ಬರಲೆಂದು ಅಕ್ಬರ್ ಕಟ್ಟಡಕ್ಕೆ ಸುತ್ತು ಹಾಕತೊಡಗಿದ. ಮೂರನೆಯ ಸುತ್ತಿಗೆ ಅಮೂಲ್ಯಾ ಸೈಕಲ್ ನಿಲ್ಲಿಸಿ ಕೇಳಿದಳು: “ಅಂಕಲ್, ಎಷ್ಟು ಗುಂಡು ಮಿಸ್ ಮಾಡಿದ್ರಿ? ಶಿಕ್ಷೆಯ ಸುತ್ತು ಹಾಕ್ತಿದೀರ?”

“ಹಲ್ಲುನೋವಮ್ಮ.”

“ಹಲ್ಲುನೋವಿಗೆ ವಾಕಿಂಗಾ? ಬನ್ನಿ ಮೇಲಕ್ಕೆ.”

ಮನೆಯಲ್ಲಿ ಆಸ್ಪತ್ರೆಯೇ ಸಿದ್ಧವಾಗಿತ್ತು. “ಡೆಂಟಿಸ್ಟ್‌ಗೆ ಫೋನ್ ಮಾಡ್ದೆ. ಮುಂದಿನ ಗುರುವಾರ ಬನ್ನಿ, ಅಲ್ಲೀವರೆಗೂ ಪ್ಯಾರಾಸಿಟಮಾಲ್ ತಗೊಳ್ಳಿ ಅಂದ್ರು” ಎಂದಳು ಮೈಥಿಲಿ.

“ಇಲ್ಲಿ ಯಾರ ಕಾಲು ಮುರಿದ್ರೂ ಅದೇ ಮಾತ್ರೆ” ಎಂದು ಚಾಂದ್ ಬಿ ಲವಂಗದ ಎಣ್ಣೆಯ ಸೀಸೆ ಹಿಡಿದು ಬಂದರು. “ಯಾವ ಕಡೆ ಅಕ್ಬರ್ ಮಿಯಾ?”

ಅಕ್ಬರ್ ಎಡಗೆನ್ನೆ ತೋರಿಸಿದ. ಅವರು ಬಲಗೆನ್ನೆ ಮುಟ್ಟಿದರು. ಯಾವುದಕ್ಕೂ ಇರಲಿ ಎಂದು ಆಗಲೂ “ಹಾ!” ಎಂದ.

“ಎರಡೂ ಕಡೆನಾ! ಸಮ್ರೀನ್, ಹತ್ತಿ ಇನ್ನಷ್ಟು ತಾ.”

“ಏನ್ರೀ, ಬೆಳಗ್ಗೆ ಕಬಾಬ್ ಕಡಿಯೋವಾಗ ಚೆನ್ನಾಗೇ ಇತ್ತಲ್ರೀ ಹಲ್ಲು?” ಎನ್ನುತ್ತಲೇ ಸಮ್ರೀನ್ ಹತ್ತಿ ತಂದಳು. ಎರಡು ದವಡೆಗೂ ಹತ್ತಿ ತುರುಕಿದ್ದಾಯಿತು. ಗಲ್ಲದಿಂದ ನೆತ್ತಿಯವರೆಗೆ ದುಪಟ್ಟಾ ಸುತ್ತಿ ಗಂಟು ಹಾಕಿದ್ದಾಯಿತು. ಅಕ್ಬರ್ ಮದುವೆಮನೆಯಿಂದ ಕಟ್ಟಿ ಕಳಿಸಿದ ಊಟದ ಗಂಟಿನಂತೆ ಕುರ್ಚಿಯಲ್ಲಿ ಕೂತ. ನಾಲಿಗೆ ಉರಿಯುತ್ತಿದ್ದರೂ ಎದೆ ತಣ್ಣಗಿತ್ತು. ಇನ್ನು ಮಾತಾಡಬೇಕೆಂದರೂ ಆಗದು. ಮಹನೂರ್, ನಿನ್ನ ಮದುವೆ ಆದಂತೆಯೇ!

ಓಟ ಶುರುವಾಯಿತು. ಚಾಂದ್ ಬಿ ಸಮ್ರೀನ್‌ಳ ಕೈ ತಟ್ಟಿದರು, ಸಮ್ರೀನ್ ಮೈಥಿಲಿಯದು ತಟ್ಟಿದಳು. ಹೆಂಗಸರ “ಅಯ್ಯೋ!” ಇಂದು ಗುಂಡು ಹಾರುವುದಕ್ಕಿಂತ ಅರೆಗಳಿಗೆ ಮೊದಲೇ ಬರುತ್ತಿತ್ತು. ತನ್ನ ಮುಖ ಕಾಯುವುದರಲ್ಲೇ ಮುಳುಗಿದ್ದ ಅಕ್ಬರ್ ಅದನ್ನು ಗಮನಿಸಲಿಲ್ಲ.

ಕೊನೆಯ ಪಾಳಿ. ಅಮೂಲ್ಯಾ ಸೋಫಾದ ತುದಿಗೆ ಬಂದಳು. ನಾರ್ವೆಯವಳೂ ಫ್ರಾನ್ಸಿನವಳೂ ಒಟ್ಟಿಗೇ ಬಂದು ನಿಂತು ಗುರಿಯಿಟ್ಟರು. ಫ್ರಾನ್ಸಿನವಳ ಐದೂ ಚುಕ್ಕೆ ಬೆಳ್ಳಗಾದವು. ನಾರ್ವೆಯವಳದು ಒಂದು ಕಪ್ಪಾಗಿಯೇ ಉಳಿಯಿತು, ಅವಳು ಶಿಕ್ಷೆಯ ಸುತ್ತಿಗೆ ತಿರುಗಿದಳು.

ಅಕ್ಬರ್ ಕುರ್ಚಿಯಲ್ಲಿ ಮಿಸುಕಾಡಿದ. ಪರವಾಗಿಲ್ಲ, ಫ್ರಾನ್ಸಿನವಳು ಮುಂದೆ ಎಲ್ಲೋ ಬೀಳುತ್ತಾಳೆ. ಏರಿನಲ್ಲಿ ಬೀಳಲಿಲ್ಲ. ಇಳಿಜಾರಿನಲ್ಲೂ ಬೀಳಲಿಲ್ಲ. ಗೆರೆ ಇನ್ನೂ ಕೂಗಳತೆಯಲ್ಲಿರುವಾಗ ಯಾರೋ ಅವಳ ಕೈಗೆ ಬಾವುಟ ಕೊಟ್ಟರು. ಅವಳು ಅದನ್ನು ಬೀಸುತ್ತ ನಗುತ್ತ ಗೆರೆ ದಾಟಿದಳು.

ದುಪಟ್ಟಾ ಸಡಿಲಿತು. ಹತ್ತಿಯ ಉಂಡೆಗಳೆರಡೂ ಹಾರಿ ಟೀಪಾಯಿಯ ಮೇಲೆ ಬಿದ್ದವು.

“ಸಾಧ್ಯವೇ ಇಲ್ಲ!” ಅಕ್ಬರ್ ಎದ್ದುನಿಂತು ಕೂಗಿದ. “ಗೆದ್ದಿದ್ದು ನಾರ್ವೆ! ಮಧ್ಯಾಹ್ನ ನಾನೇ ಓದಿದೀನಿ!”

ನಾಲ್ವರೂ ಅವನತ್ತ ತಿರುಗಿದರು.

“ಅದು ಗಂಡಸರ ರಿಲೇ ಅಂಕಲ್” ಎಂದಳು ಅಮೂಲ್ಯಾ. “ಅವರದ್ದು ಊಟದ ಹೊತ್ತಿಗೇ ಮುಗೀತು. ಫ್ರಾನ್ಸ್ ಗೆದ್ದಾಗ ಮೂರೂಮುಕ್ಕಾಲು.” ಹೇಳಿ ನಾಲಿಗೆ ಕಚ್ಚಿಕೊಂಡಳು.

“ನಿಂಗ್ಹೇಗೆ ಗೊತ್ತೇ?” ಎಂದಳು ಮೈಥಿಲಿ.

“ಕ್ಲಾಸಲ್ಲಿ... ಫೋನಲ್ಲಿ ಸ್ವಲ್ಪ ನೋಡ್ದೆ ಅಕ್ಕ. ನೀವು?”

“ನಾನೇನು ಪೂರ್ತಿ ನೋಡ್ಲಿಲ್ಲ. ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ, ಒಂದರ್ಧ.”

“ಉಳಿದರ್ಧ ನಾನು ನೋಡ್ದೆ, ಟೀ ಬ್ರೇಕಲ್ಲಿ” ಎಂದು ಸಮ್ರೀನ್ ಗೋಡೆಯ ಕಡೆ ತಿರುಗಿದಳು.

ಮೂವರೂ ಚಾಂದ್ ಬಿಯವರನ್ನು ನೋಡಿದರು.

“ರೆಕಾರ್ಡ್ ಆಗ್ತಿದೆಯಾ ಅಂತ ನೋಡೋಕೆ ಟೀವಿ ಹಾಕ್ದೆ” ಎಂದರು ಅವರು ಗಂಭೀರವಾಗಿ. “ಕೊನೇವರೆಗೂ ಆಗ್ತಾನೇ ಇತ್ತು.”

ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಕ್ಬರನೂ ಧೈರ್ಯ ತಂದುಕೊಂಡು ನಕ್ಕ. “ಹಾಗಾದ್ರೆ ನಾನು ಯಾರ ಆಟವನ್ನೂ ಕೆಡಿಸಲಿಲ್ಲ, ಅಲ್ವಾ ಅಮ್ಮಿ? ಹೇಳಿದ್ದೂ ತಪ್ಪು ಸುದ್ದಿ!”

ಚಾಂದ್ ಬಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅದೇ ನೋಡಿ ಅಕ್ಬರ್ ಮಿಯಾ. ಸುದ್ದಿ ಗೊತ್ತಿದ್ದ ನಾಲ್ಕು ಜನ ಬಾಯಿ ಬಿಡಲಿಲ್ಲ. ಏನೂ ಗೊತ್ತಿಲ್ಲದ ನೀವೊಬ್ಬರು ಬಿಟ್ರಿ.”

ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು ಅಣ್ಣನಿಗೆ ಧ್ವನಿಸಂದೇಶ ಶುರುಮಾಡಿದರು: “ಭಾಯ್‌ಜಾನ್, ಆ ಸಂಬಂಧದ ವಿಷಯ...”

ಅಕ್ಬರ್ ಡಬ್ಬಿಯಿಂದ ಹೊಸ ಹತ್ತಿ ತೆಗೆದು, ಎಣ್ಣೆಯಲ್ಲಿ ಅದ್ದಿ, ತಾನೇ ಬಾಯಿಗೆ ತುರುಕಿಕೊಂಡ.